ಒಂದೇ ಮಾತ್ರೆ, ಮೂರು ರೇಟು: ಅರ್ಧ ತಿಂಗಳ ಔಷಧಿ ಕೊಂಡ ತಾತನ ಕಥೆ

ಹಾಸನದ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಮೆಡಿಕಲ್ ಸ್ಟೋರು. ಮಧ್ಯಾಹ್ನ ಹನ್ನೆರಡರ ಹೊತ್ತು. ಕೌಂಟರಿನ ಮುಂದೆ ಏಳೆಂಟು ಜನ. ಎಲ್ಲರಿಗಿಂತ ಮುಂದೆ ನಿಂತವರು ಅರಸೀಕೆರೆ ಕಡೆಯ ಒಬ್ಬ ತಾತ. ಹೆಗಲ ಮೇಲೆ ಟವೆಲು, ಕೈಯಲ್ಲಿ ಮಡಿಸಿ ಮಡಿಸಿ ಹರಿಯುವುದಕ್ಕೆ ಬಂದಿದ್ದ ಡಾಕ್ಟರ ಚೀಟಿ. ಬಿ.ಪಿ.ಗೆ ಒಂದು ಮಾತ್ರೆ, ಕೊಲೆಸ್ಟರಾಲಿಗೆ ಒಂದು, ಗ್ಯಾಸ್ಟ್ರಿಕ್ಕಿಗೆ ಒಂದು. ತಿಂಗಳ ಲೆಕ್ಕ.

‘ಸಾವಿರದ ನೂರಾ ಇಪ್ಪತ್ತು ಆಗುತ್ತೆ ಯಜಮಾನ್ರೇ’ ಅಂದ ಅಂಗಡಿ ಹುಡುಗ.

ತಾತ ಒಳಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದರು. ನೋಟು ಎಣಿಸಿದರು. ಇನ್ನೊಮ್ಮೆ ಎಣಿಸಿದರು. ‘ಹದಿನೈದು ದಿನದ್ದು ಕೊಡಪ್ಪ, ಸಾಕು’ ಅಂದರು. ಹುಡುಗ ಏನೂ ಮಾತಾಡದೆ ಕತ್ತರಿ ತೆಗೆದು ಮಾತ್ರೆ ಶೀಟು ಕತ್ತರಿಸಿದ. ಅವನಿಗೆ ಇದು ದಿನಾ ಕಂಡದ್ದೇ ಅಂತ ಕಾಣುತ್ತೆ.

ಹೊರಗೆ ಬಂದ ಮೇಲೆ, ‘ಇನ್ನು ಹದಿನೈದು ದಿನಕ್ಕೆ ಮತ್ತೆ ಬರ್ತೀರಾ ತಾತ?’ ಅಂತ ಕೇಳಿದೆ.

‘ಎಲ್ಲಿ ಬರೋದು ಸ್ವಾಮಿ? ಮುದುಕಿಗಾದ್ರೆ ಬಸ್ಸು ಫ್ರೀ, ನನಗೆ ಕೊಟ್ಟೇ ತೀರ್ಬೇಕು. ದಿನ ಬಿಟ್ಟು ದಿನ ನುಂಗ್ತೀನಿ. ತಿಂಗಳು ಬರ್ತದೆ.’

ದಿನ ಬಿಟ್ಟು ದಿನ! ಬಿ.ಪಿ. ಮಾತ್ರೆಯನ್ನು ಏಕಾದಶಿ ಉಪವಾಸದ ಹಾಗೆ ಬಿಟ್ಟು ಬಿಟ್ಟು ನುಂಗಿದರೆ ಒಂದು ದಿನ ಲಕ್ವ ಹೊಡೆದು ಮೂಲೆಗೆ ಬೀಳುವ ಅಪಾಯ ಇದೆ ಅಂತ ಯಾವ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ತಾತನಿಗೂ ಅದು ಗೊತ್ತು. ಗೊತ್ತಿದ್ದೂ ಹಾಗೇ ಮಾಡುತ್ತಿದ್ದಾರೆ. ಲೆಕ್ಕ ಕೂಡಬೇಕಲ್ಲ.

ಈ ಅಂಕಣಕಾರನಿಗೆ ಕುತೂಹಲ ಸುಮ್ಮನಿರಗೊಡಲಿಲ್ಲ. ಚೀಟಿ ತೆಗೆದುಕೊಂಡು, ಶೀಟಿನ ಮೇಲೆ ಸಣ್ಣಕ್ಷರದಲ್ಲಿ ಅಚ್ಚು ಹಾಕಿದ್ದ ಔಷಧಿಯ ಮೂಲ ಹೆಸರುಗಳನ್ನು ಬರೆದುಕೊಂಡು, ತಾತನನ್ನೂ ಕರೆದುಕೊಂಡು ಇನ್ನೊಂದು ಅಂಗಡಿಗೆ ಹೋದೆ. ಅದೇ ಔಷಧಿ, ಅಷ್ಟೇ ಮಿಲಿಗ್ರಾಂ, ಬೇರೆ ಕಂಪನಿ ಹೆಸರು. ತಿಂಗಳಿಗೆ ನಾನೂರ ಅರವತ್ತು. ಅಲ್ಲಿಂದ ಜನೌಷಧಿ ಕೇಂದ್ರಕ್ಕೆ ಹೋದೆವು. ಮೂರೂ ಮಾತ್ರೆ ಸೇರಿ ಇಡೀ ತಿಂಗಳಿಗೆ ಇನ್ನೂರರ ಒಳಗೆ!

ತಾತ ಬಿಲ್ಲನ್ನೇ ನೋಡುತ್ತಾ ನಿಂತುಬಿಟ್ಟರು. ‘ಇದ್ಯಾವ ಸೀಮೆ ನ್ಯಾಯ ಸ್ವಾಮಿ?’

ಅದೇ ಪ್ರಶ್ನೆ ನನ್ನದೂ.

ಕಾಯಿ ಲೆಕ್ಕ ಬೇರೆ, ಮಾತ್ರೆ ಲೆಕ್ಕ ಬೇರೆ

ತಾತ ತೆಂಗು ಬೆಳೆಗಾರರು. ರೇಟು ಒಂದೊಂದು ಕಡೆ ಒಂದೊಂದಿರುತ್ತದೆ ಅನ್ನುವುದು ಅವರಿಗೆ ಹೊಸದಲ್ಲ. ಅರಸೀಕೆರೆ ಮಂಡಿಯಲ್ಲಿ ಕಾಯಿಗೆ ಸಿಗುವ ದುಡ್ಡೇ ಬೇರೆ, ಬೆಂಗಳೂರಿನ ಮಲ್ಲೇಶ್ವರದ ಅಂಗಡಿಯಲ್ಲಿ ಅದೇ ಕಾಯಿಗೆ ಗಿರಾಕಿ ಕೊಡುವ ದುಡ್ಡೇ ಬೇರೆ. ನಡುವೆ ಲಾರಿ ಬಾಡಿಗೆ ಇದೆ, ಹಮಾಲಿ ಇದೆ, ದಲ್ಲಾಳಿ ಕಮಿಷನ್ ಇದೆ, ಒಡೆದ ಕಾಯಿ, ಕೊಳೆತ ಕಾಯಿ ಇದೆ, ಮಲ್ಲೇಶ್ವರದ ಅಂಗಡಿ ಬಾಡಿಗೆ ಇದೆ. ದಲ್ಲಾಳಿ ಸ್ವಲ್ಪ ಜಾಸ್ತಿಯೇ ನುಂಗುತ್ತಾನೆ, ಆ ಮಾತು ಇನ್ನೊಂದು ದಿನ ಆಡೋಣ. ಆದರೂ ರೇಟು ಯಾಕೆ ಏರಿತು ಅಂತ ಬೆರಳು ಮಡಿಸಿ ಹೇಳಬಹುದು.

ಮಾತ್ರೆಗೆ ಇದ್ಯಾವುದು ಇದೆ ಹೇಳಿ? ಕೊಳೆಯುವುದಿಲ್ಲ. ಹಮಾಲರು ಬೇಕಿಲ್ಲ. ಒಂದು ಲಾರಿಗೆ ಲಕ್ಷಗಟ್ಟಲೆ ಶೀಟು ಹಿಡಿಸುತ್ತದೆ, ಒಂದು ಶೀಟಿಗೆ ಬೀಳುವ ಸಾಗಾಣಿಕೆ ಖರ್ಚು ಪೈಸೆ ಲೆಕ್ಕ. ತೆರಿಗೆ ಅನ್ನೋಣವೆಂದರೆ ಅದೂ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಬಹುಪಾಲು ಔಷಧಿಗಳ ಜಿ.ಎಸ್.ಟಿ. 12ರಿಂದ 5 ಪರ್ಸೆಂಟಿಗೆ ಇಳಿಯಿತು. ಅದಕ್ಕೆ ಮೊದಲಿನ 12 ಪರ್ಸೆಂಟನ್ನೇ ಇಟ್ಟುಕೊಂಡರೂ ಅದರಿಂದ ರೇಟು ಐದಾರು ಪಟ್ಟು ಆಗುವುದಕ್ಕೆ ಸಾಧ್ಯವೇ ಇಲ್ಲ.

ಹಾಗಾದರೆ ಉಳಿದ ದುಡ್ಡು ಎಲ್ಲಿಗೆ ಹೋಗುತ್ತದೆ?

ಆರಿಸುವವನು ಒಬ್ಬ, ತೆರುವವನು ಒಬ್ಬ

ಸೋಪು ಕೊಳ್ಳುವಾಗ ನೀವೇ ಆರಿಸುತ್ತೀರಿ, ನೀವೇ ದುಡ್ಡು ಕೊಡುತ್ತೀರಿ. ದುಬಾರಿಯಾದರೆ ಪಕ್ಕದ್ದು ಎತ್ತಿಕೊಳ್ಳುತ್ತೀರಿ. ಔಷಧಿಯಲ್ಲಿ ಆರಿಸುವವರು ಡಾಕ್ಟರು, ದುಡ್ಡು ಕೊಡುವವರು ನೀವು. ಚೀಟಿಯಲ್ಲಿ ಬರೆದ ಕಂಪನಿ ಹೆಸರಿನ ಮಾತ್ರೆಯನ್ನೇ ತೆಗೆದುಕೊಳ್ಳಬೇಕು ಅಂತ ರೋಗಿ ನಂಬಿರುತ್ತಾನೆ. ಅದಕ್ಕೇ ಕಂಪನಿಗಳು ರೋಗಿಯ ಹಿಂದೆ ಬೀಳುವುದಿಲ್ಲ, ಡಾಕ್ಟರ ಹಿಂದೆ ಬೀಳುತ್ತವೆ. ಟೈ ಕಟ್ಟಿಕೊಂಡು, ತೂಕದ ಬ್ಯಾಗು ಹಿಡಿದು, ನರ್ಸಿಂಗ್ ಹೋಮ್ ಬಾಗಿಲಲ್ಲಿ ಗಂಟೆಗಟ್ಟಲೆ ಕಾಯುವ ಮೆಡಿಕಲ್ ರೆಪ್ ಹುಡುಗರನ್ನು ನೋಡಿದ್ದೀರಲ್ಲ, ಅವರ ಸಂಬಳ, ಭತ್ಯೆ, ಸ್ಯಾಂಪಲ್ಲು, ಡೈರಿ, ಪೆನ್ನು, ಸಮ್ಮೇಳನದ ಊಟ ಎಲ್ಲ ಆ ಶೀಟಿನ ರೇಟಿನೊಳಗೇ ಇದೆ. (ಆ ಹುಡುಗರ ಪಾಡು ಬೇರೆಯೇ. ತಿಂಗಳ ಟಾರ್ಗೆಟ್ ಮುಟ್ಟದಿದ್ದರೆ ಅವರ ಕೆಲಸಕ್ಕೇ ಕುತ್ತು.)

ಔಷಧಿಯ ಮೂಲ ಹೆಸರು ಬರೆಯಿರಿ ಅಂತ ಡಾಕ್ಟರಿಗೆ ಹೇಳಿಲ್ಲವೇ? ಹೇಳಿದ್ದಾರೆ. 2002ರ ವೈದ್ಯಕೀಯ ಮಂಡಳಿ ನಿಯಮದಲ್ಲೇ ಸಾಧ್ಯವಾದಷ್ಟೂ ಮೂಲ ಹೆಸರಿನಲ್ಲಿ ಬರೆಯಬೇಕು ಅಂತ ಇದೆ. 2016ರಲ್ಲಿ ಓದುವ ಹಾಗೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಿರಿ ಅಂತ ಸೇರಿಸಿದರು. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ಬಿಗಿ ಮಾಡಲು ಹೊರಟಿತು. ಡಾಕ್ಟರ ಸಂಘದವರು ಎದ್ದು ಕೂತರು. ‘ಅಗ್ಗದ ಮಾತ್ರೆಯ ಗುಣಮಟ್ಟಕ್ಕೆ ಜವಾಬ್ದಾರಿ ಯಾರು?’ ಅಂದರು. ಅದೇ ತಿಂಗಳಲ್ಲಿ ಆ ನಿಯಮವನ್ನು ತಡೆಹಿಡಿದರು. ಡಾಕ್ಟರ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ, ಅದಕ್ಕೆ ಮುಂದೆ ಬರುತ್ತೇನೆ.

ಎಂ.ಆರ್.ಪಿ. ಎಂಬ ಮಾಯೆ

ಇನ್ನು ಎರಡನೇ ಅಂಗಡಿಯ ಕಥೆ ಕೇಳಿ. ಅಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಶೀಟಿನ ಮೇಲೆ ಅಚ್ಚಾಗಿದ್ದ ಎಂ.ಆರ್.ಪಿ. ತೊಂಬತ್ತರ ಮೇಲಿತ್ತು. ಅಂಗಡಿಯವರು ಕೊಟ್ಟದ್ದು ನಲವತ್ತಕ್ಕೆ. ‘ನಿಮಗೋಸ್ಕರ ಸಾರ್’ ಅಂತ ನಗುತ್ತಾ ಬೇರೆ ಅಂದರು. ನಲವತ್ತಕ್ಕೆ ಕೊಟ್ಟೂ ಅವರಿಗೆ ಲಾಭ ಇದೆ, ಇಲ್ಲದಿದ್ದರೆ ಕೊಡುತ್ತಿರಲಿಲ್ಲ. ವ್ಯಾಪಾರದಲ್ಲಿ ಇದಕ್ಕೆ ಟ್ರೇಡ್ ಜೆನೆರಿಕ್ ಅನ್ನುತ್ತಾರೆ. ಕಂಪನಿ ಈ ಮಾಲಿಗೆ ರೆಪ್ ಇಡುವುದಿಲ್ಲ, ಡಾಕ್ಟರ ಹತ್ತಿರ ಹೋಗುವುದಿಲ್ಲ, ನೇರ ಅಂಗಡಿಗೆ ಕಡಿಮೆ ರೇಟಿಗೆ ಇಳಿಸುತ್ತದೆ. ಅಚ್ಚು ಹಾಕುವ ಎಂ.ಆರ್.ಪಿ. ಮಾತ್ರ ಮೇಲಿರುತ್ತದೆ. ನಡುವಿನ ಅಂತರದಲ್ಲಿ ಎಷ್ಟನ್ನು ಗಿರಾಕಿಗೆ ಬಿಡಬೇಕು, ಎಷ್ಟನ್ನು ಗಲ್ಲಾಕ್ಕೆ ಹಾಕಬೇಕು ಅನ್ನುವುದು ಅಂಗಡಿಯವನ ಮರ್ಜಿ. ಗೊತ್ತಿದ್ದು ಕೇಳಿದವನಿಗೆ ನಲವತ್ತು, ಗೊತ್ತಿಲ್ಲದವನಿಗೆ ತೊಂಬತ್ತು. ಎರಡೂ ಕಾನೂನು ಪ್ರಕಾರವೇ! ಒಂದೇ ಕಂಪನಿ ಒಂದೇ ಔಷಧಿಯನ್ನು ಹೀಗೂ, ದೊಡ್ಡ ಬ್ರ್ಯಾಂಡಿನ ಹೆಸರಿನಲ್ಲೂ ಮಾರುವುದುಂಟು. ಹಗಲುವೇಷದವರು ಬೆಳಿಗ್ಗೆ ರಾಮ, ಸಂಜೆ ರಾವಣ ಆಗುವ ಹಾಗೆ.

ಎಂ.ಆರ್.ಪಿ. ಅಂದರೆ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ ಅನ್ನುವ ಮಿತಿ, ಅಷ್ಟೆ. ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆಯನ್ನು ಪೊಟ್ಟಣದ ಮೇಲೆ ಅಚ್ಚು ಹಾಕುವ ಪದ್ಧತಿ ಬಂದದ್ದು 1990ರಲ್ಲಿ. ಅದಕ್ಕೂ ಬಾಗಿಲುಗಳಿವೆ. ಹೋಟೆಲಿನಲ್ಲಿ ನೀರಿನ ಬಾಟಲಿಗೆ ಎಂ.ಆರ್.ಪಿ.ಗಿಂತ ಹೆಚ್ಚು ತೆಗೆದುಕೊಳ್ಳಬಹುದು, ಅಲ್ಲಿ ಕುರ್ಚಿ, ಫ್ಯಾನು, ಸೇವೆ ಎಲ್ಲ ಸೇರಿದೆ ಅಂತ ಸುಪ್ರೀಂ ಕೋರ್ಟೇ 2017ರ ಡಿಸೆಂಬರ್‌ನಲ್ಲಿ ಹೇಳಿತು.

ಆದರೆ ಎಂ.ಆರ್.ಪಿ. ಎಷ್ಟು ಅಂತ ಬರೆಯುವವರು ಯಾರು? ಔಷಧಿಯ ವಿಷಯದಲ್ಲಿ ಎರಡು ಜಾತಿ. ಸರಕಾರದ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿ ಇದ್ದರೆ ಔಷಧ ಬೆಲೆ ಪ್ರಾಧಿಕಾರ ಮೇಲ್ಮಿತಿ ಹಾಕುತ್ತದೆ. 2013ರ ಆದೇಶದ ಪ್ರಕಾರ, ಮಾರುಕಟ್ಟೆಯಲ್ಲಿ ಕನಿಷ್ಠ 1 ಪರ್ಸೆಂಟ್ ಪಾಲಿರುವ ಬ್ರ್ಯಾಂಡುಗಳ ಬೆಲೆಯ ಸರಾಸರಿ ತೆಗೆದು, ಅದರ ಮೇಲೆ ಅಂಗಡಿಯವನಿಗೆ 16 ಪರ್ಸೆಂಟ್ ಸೇರಿಸುತ್ತಾರೆ. ಅಂದರೆ ಮಾತ್ರೆ ತಯಾರಿಸಲು ಎಷ್ಟು ಬಿತ್ತು ಅಂತ ಕೇಳುವುದಿಲ್ಲ, ಈಗ ಎಷ್ಟಕ್ಕೆ ಮಾರುತ್ತಿದ್ದೀರಿ ಅಂತ ಕೇಳುತ್ತಾರೆ. ಹಿಂದಿನ 1995ರ ಆದೇಶದಲ್ಲಿ ತಯಾರಿಕೆ ಖರ್ಚಿನ ಲೆಕ್ಕವೇ ಇತ್ತು. ಪಟ್ಟಿಯ ಹೊರಗಿನ ಔಷಧಿಗಳಿಗೆ ಮೊದಲ ರೇಟು ಕಂಪನಿಯದ್ದೇ. ವರ್ಷಕ್ಕೆ 10 ಪರ್ಸೆಂಟಿಗಿಂತ ಹೆಚ್ಚು ಏರಿಸಬಾರದು ಅನ್ನುವುದೊಂದೇ ಹಗ್ಗ.

ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದಕ್ಕೆ 2018ರ ಫೆಬ್ರುವರಿಯಲ್ಲಿ ಇದೇ ಪ್ರಾಧಿಕಾರ ಹೊರಹಾಕಿದ ಲೆಕ್ಕ ನೋಡಿ. ದೆಹಲಿ ಸುತ್ತಮುತ್ತಲ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ ಪರೀಕ್ಷೆ ಮಾಡಿದರು. ಕೆಲವು ಸಾಮಾನುಗಳ ಮೇಲಿನ ಲಾಭ 1,737 ಪರ್ಸೆಂಟ್ ತನಕ ಇತ್ತು. ಎಂ.ಆರ್.ಪಿ. ಮೀರಿದ್ದರೇ? ಇಲ್ಲ ಸ್ವಾಮಿ! ರಾಶಿಗಟ್ಟಲೆ ಕೊಳ್ಳುವ ಆಸ್ಪತ್ರೆಗೆ ಬೇಕಾದ ಹಾಗೆ ಎಂ.ಆರ್.ಪಿ.ಯನ್ನೇ ಎತ್ತರಿಸಿ ಅಚ್ಚು ಹಾಕಿಕೊಡುವ ಏರ್ಪಾಡು. ಮಾಮೂಲಿ ಅಂಗಡಿಯಲ್ಲಿ ಪೈಪೋಟಿ ಅಂದರೆ ರೇಟು ಇಳಿಸುವುದು. ಇಲ್ಲಿ ಯಾರ ಪೊಟ್ಟಣದ ಮೇಲೆ ಅಚ್ಚಾದ ರೇಟು ದೊಡ್ಡದೋ ಅವನಿಗೆ ಆರ್ಡರು. ಐ.ಸಿ.ಯು. ಬಾಗಿಲಲ್ಲಿ ನಿಂತ ಮಗ ‘ಪಕ್ಕದ ಅಂಗಡೀಲಿ ಕೇಳ್ಕೊಂಡು ಬರ್ತೀನಿ’ ಅನ್ನುವ ಸ್ಥಿತಿಯಲ್ಲಿ ಇರುತ್ತಾನೆಯೇ?

ಹೃದಯದ ಸ್ಟೆಂಟಿನದ್ದೂ ಇದೇ ಕಥೆ. ಔಷಧಿ ಲೇಪಿಸಿದ ಸ್ಟೆಂಟು ಸರಾಸರಿ 1 ಲಕ್ಷ 21 ಸಾವಿರದಷ್ಟು ಇದ್ದದ್ದು 2017ರ ಫೆಬ್ರುವರಿಯಲ್ಲಿ ಸರಕಾರ ಮಿತಿ ಹಾಕಿದ ರಾತ್ರಿಯೇ 29,600ಕ್ಕೆ ಇಳಿಯಿತು. ಬರಿಯ ಲೋಹದ್ದು 7,260ಕ್ಕೆ. ಯಾವ ಕಾರ್ಖಾನೆಗೂ ಬೀಗ ಬೀಳಲಿಲ್ಲ.

ಸೂಟ್‌ಕೇಸಿನೊಳಗಿನ ಮಾತ್ರೆ

ಊರೊಳಗೇ ಹೀಗಾದರೆ ದೇಶದೇಶಗಳ ನಡುವೆ ಹೇಗಿರಬೇಕು! ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ದಂಪತಿ ಮಗನ ಮನೆಗೆ ಅಮೆರಿಕಕ್ಕೆ ಹೊರಟಾಗ ನೋಡಿದ್ದೇನೆ. ಒಂದು ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳ, ಮೊಮ್ಮಗುವಿಗೆ ಬೆಳ್ಳಿ ಲೋಟ. ಇನ್ನೊಂದರ ಅರ್ಧ ಭಾಗ ಆರು ತಿಂಗಳ ಮಾತ್ರೆ, ಜೊತೆಗೆ ಡಾಕ್ಟರ ಚೀಟಿಯ ಜೆರಾಕ್ಸು. ‘ಅಲ್ಲಿ ಒಂದು ತಿಂಗಳ ಮಾತ್ರೆ ಕೊಳ್ಳೋ ದುಡ್ಡಲ್ಲಿ ಇಲ್ಲಿ ವರ್ಷ ತಳ್ಳಬಹುದು ಕಣಯ್ಯಾ’ ಅಂದರು ಮೇಷ್ಟ್ರು.

ಅಮೆರಿಕದವರ ಪಾಡು ಕೇಳಿದರೆ ನಮ್ಮ ತಾತನಿಗೂ ಅಯ್ಯೋ ಅನ್ನಿಸೀತು. ಸಕ್ಕರೆ ಕಾಯಿಲೆಯ ಇನ್ಸುಲಿನ್ನನ್ನು 1921ರಲ್ಲಿ ಕಂಡುಹಿಡಿದದ್ದು ಕೆನಡಾದ ಟೊರಾಂಟೊದಲ್ಲಿ. ಬ್ಯಾಂಟಿಂಗ್ ಜೊತೆಯವರು 1923ರಲ್ಲಿ ಪೇಟೆಂಟನ್ನು ತಲಾ 1 ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬರೆದುಕೊಟ್ಟರು. ಅಂಥ ಇನ್ಸುಲಿನ್ನಿನ ಒಂದು ಹೊಸ ಬ್ರ್ಯಾಂಡಿಗೆ ಅಮೆರಿಕದಲ್ಲಿ 1996ರಲ್ಲಿ ಸೀಸೆಗೆ 21 ಡಾಲರ್ ಇದ್ದದ್ದು 2019ರ ಹೊತ್ತಿಗೆ 275 ಡಾಲರಿನ ಹತ್ತಿರ ಬಂತು. ಗಡಿ ದಾಟಿದರೆ ಕೆನಡಾದಲ್ಲಿ ಅದೇ ಸೀಸೆ ಹತ್ತನೇ ಒಂದು ಭಾಗದ ರೇಟಿಗೆ. ಆ ವರ್ಷ ಅಮೆರಿಕದ ರೋಗಿಗಳು ಬಸ್ಸು ಮಾಡಿಕೊಂಡು ಕೆನಡಾಕ್ಕೆ ಹೋಗಿ ಇನ್ಸುಲಿನ್ ತಂದರು. ಅವರ ಜೊತೆ ಸೆನೆಟರ್ ಬರ್ನಿ ಸ್ಯಾಂಡರ್ಸ್ ಕೂಡ ಹೋಗಿದ್ದರು. 2023ರಲ್ಲಿ ಆ ಕಂಪನಿ ರೇಟನ್ನು 70 ಪರ್ಸೆಂಟ್ ಇಳಿಸುವುದಾಗಿ ಹೇಳಿತು. ಇಷ್ಟು ಇಳಿಸಲು ಆಗುವುದಿದ್ದರೆ ಅಷ್ಟು ದಿನ ಏರಿಸಿದ್ದೇಕೆ ಅಂತ ಕೇಳಬೇಡಿ.

ಕೆನಡಾದಲ್ಲಿ ಯಾಕೆ ಅಗ್ಗ? ಅಲ್ಲಿ ಬೆಲೆ ಮಿತಿ ನೋಡುವ ಸರಕಾರಿ ಮಂಡಳಿ ಇದೆ, ಸರಕಾರಗಳು ಚೌಕಾಸಿಗೆ ಕೂರುತ್ತವೆ. ಅಮೆರಿಕದಲ್ಲಿ ವಯಸ್ಸಾದವರ ಸರಕಾರಿ ವಿಮೆಯವರು ಔಷಧಿ ಕಂಪನಿಯ ಜೊತೆ ಚೌಕಾಸಿ ಮಾಡಲೇಬಾರದು ಅಂತ 2003ರಲ್ಲಿ ಕಾನೂನೇ ಮಾಡಿಟ್ಟಿದ್ದರು. ನಮ್ಮ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಸೊಪ್ಪು ಕೊಳ್ಳುವ ಹೆಂಗಸಿಗೆ ಇರುವ ಹಕ್ಕು ಅಮೆರಿಕ ಸರಕಾರಕ್ಕೆ ಇರಲಿಲ್ಲ! 2022ರಲ್ಲಿ ಆ ಕಾನೂನು ಸ್ವಲ್ಪ ಸಡಿಲವಾಯಿತು.

ಕಂಪನಿಯ ಲೆಕ್ಕ ಸರಳ. ಯಾರಿಂದ ಎಷ್ಟು ಹುಟ್ಟುತ್ತದೋ ಅಷ್ಟು. ಹೆಪಟೈಟಿಸ್-ಸಿ ಕಾಯಿಲೆಯ ಸೋಫೊಸ್ಬುವಿರ್ ಮಾತ್ರೆ 2013ರ ಕೊನೆಗೆ ಅಮೆರಿಕದಲ್ಲಿ ಬಂದಾಗ ಒಂದು ಮಾತ್ರೆಗೆ 1,000 ಡಾಲರ್, 12 ವಾರಕ್ಕೆ 84,000 ಡಾಲರ್. ಅದೇ ಕಂಪನಿ ಈಜಿಪ್ಟಿಗೆ ಕೊಟ್ಟದ್ದು 12 ವಾರಕ್ಕೆ 900 ಡಾಲರಿಗೆ. ಭಾರತದ ಏಳು ಕಂಪನಿಗಳಿಗೆ 2014ರಲ್ಲಿ ತಯಾರಿಸುವ ಲೈಸೆನ್ಸೂ ಸಿಕ್ಕಿತು, ಆದರೆ ಇಂತಿಂಥ ಬಡದೇಶಗಳಿಗೆ ಮಾತ್ರ ಮಾರಬೇಕು ಅನ್ನುವ ಕರಾರಿನ ಮೇಲೆ. ಆ ಕರಾರೇ ಮುಖ್ಯ. ಗೊರೂರಿನ ಹೇಮಾವತಿ ಅಣೆಕಟ್ಟಿನ ಒಂದು ಕಡೆ ನೀರು ಮೇಲೆ, ಇನ್ನೊಂದು ಕಡೆ ಕೆಳಗೆ ನಿಂತಿರುವುದು ನಡುವೆ ಗೋಡೆ ಇರುವುದರಿಂದ. ಅಗ್ಗದ ದೇಶದ ಮಾಲು ದುಬಾರಿ ದೇಶಕ್ಕೆ ಹರಿಯಬಾರದು ಅಂತ ಕರಾರಿನ ಗೋಡೆ, ಕಾನೂನಿನ ಗೋಡೆ ಕಟ್ಟಿದ್ದಾರೆ. ಅಮೆರಿಕದ 1987ರ ಕಾನೂನಿನಂತೆ, ಅಲ್ಲೇ ತಯಾರಾಗಿ ಹೊರಗೆ ಹೋದ ಔಷಧಿಯನ್ನು ವಾಪಸು ತರುವ ಅಧಿಕಾರ ತಯಾರಕನಿಗೆ ಮಾತ್ರ. ಮೇಷ್ಟ್ರ ಸೂಟ್‌ಕೇಸು ಆ ಗೋಡೆಯಲ್ಲಿ ಇರುವೆ ಕೊರೆದ ತೂತು ಅಷ್ಟೆ.

ನಾವೂ ದುಬಾರಿಯಾಗಿದ್ದೆವು

ನಮ್ಮ ದೇಶ ಮೊದಲಿಂದ ಔಷಧಿಗೆ ಅಗ್ಗ ಅಂತ ತಿಳಿಯಬೇಡಿ. ಬ್ರಿಟಿಷರ 1911ರ ಪೇಟೆಂಟ್ ಕಾಯಿದೆ ನಡೆಯುತ್ತಿದ್ದ ಕಾಲದಲ್ಲಿ, ಔಷಧಿ ಬೆಲೆ ವಿಪರೀತ ಇರುವ ದೇಶಗಳಲ್ಲಿ ಭಾರತವೂ ಒಂದು ಅಂತ ಅಮೆರಿಕದ ಸೆನೆಟರ್ ಕೆಫಾವರ್ ಸಮಿತಿಯೇ ಗುರುತಿಸಿತ್ತು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ವರದಿ ಕೊಟ್ಟರು. ಅದರ ಆಧಾರದ ಮೇಲೆ ಬಂದ 1970ರ ಪೇಟೆಂಟ್ ಕಾಯಿದೆ 1972ರ ಏಪ್ರಿಲ್‌ನಿಂದ ಜಾರಿಯಾಯಿತು. ಔಷಧಿಗೆ ಪೇಟೆಂಟ್ ಇಲ್ಲ, ಅದನ್ನು ಮಾಡುವ ವಿಧಾನಕ್ಕೆ ಮಾತ್ರ ಪೇಟೆಂಟ್. ಬೇರೆ ದಾರಿಯಲ್ಲಿ ಅದೇ ಔಷಧಿ ಮಾಡಬಲ್ಲೆಯಾ? ಮಾಡು, ಮಾರು. ಹೀಗೆ ಬೆಳೆದವು ನಮ್ಮ ಕಾರ್ಖಾನೆಗಳು. ಏಡ್ಸ್ ಔಷಧಿಗೆ ಪಶ್ಚಿಮದ ದೇಶಗಳಲ್ಲಿ ವರ್ಷಕ್ಕೆ 10 ಸಾವಿರ ಡಾಲರ್ ಮೇಲಿದ್ದಾಗ, 2001ರಲ್ಲಿ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ 350 ಡಾಲರಿಗೆ ಕೊಡುತ್ತೇನೆ ಅಂದರು.

ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ 2005ರ ಜನವರಿ 1ರಿಂದ ಔಷಧಿಗೇ ಪೇಟೆಂಟ್ ಕೊಡುವ ಕಾಲ ವಾಪಸು ಬಂತು. ಪೇಟೆಂಟ್ ಇರುವ ತನಕ ಅವನೊಬ್ಬನೇ ಅಂಗಡಿಯವನು. 2012ರಲ್ಲಿ ಒಂದು ಕ್ಯಾನ್ಸರ್ ಔಷಧಿ ತಿಂಗಳಿಗೆ ಸುಮಾರು 2 ಲಕ್ಷ 80 ಸಾವಿರ ಇತ್ತು. ಸರಕಾರ ಕಡ್ಡಾಯ ಲೈಸೆನ್ಸ್ ಕೊಟ್ಟ ಮೇಲೆ ಹೈದರಾಬಾದಿನ ನ್ಯಾಟ್ಕೊ ಕಂಪನಿ ಅದನ್ನು 8,800ಕ್ಕೆ ಮಾರಲು ಒಪ್ಪಿತು. ರಕ್ತದ ಕ್ಯಾನ್ಸರಿನ ಇಮಾಟಿನಿಬ್ ಮಾತ್ರೆ ಕಂಪನಿಯ ಹೆಸರಿನಲ್ಲಿ ತಿಂಗಳಿಗೆ 1 ಲಕ್ಷ 20 ಸಾವಿರ, ನಮ್ಮವರು ಮಾಡಿದ್ದು ಎಂಟು ಹತ್ತು ಸಾವಿರ. ಹಳೇ ಔಷಧಿಗೆ ಸಣ್ಣ ಬದಲಾವಣೆ ಮಾಡಿ ಹೊಸ ಪೇಟೆಂಟ್ ಕೇಳುವ ಹಾಗಿಲ್ಲ ಅಂತ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಆ ಕೇಸನ್ನು ಮುಗಿಸಿತು. ಹೊಸ ಔಷಧಿ ಹುಡುಕಲು ಕೋಟಿಗಟ್ಟಲೆ ಖರ್ಚಾಗುತ್ತದೆ ಅನ್ನುವುದು ಕಂಪನಿಗಳ ವಾದ. ಅದು ನಿಜವೇ. ಆದರೆ ತಾತನ ಮೂರು ಮಾತ್ರೆಗಳ ಪೇಟೆಂಟ್ ಎಂದೋ ಮುಗಿದಿದೆ, ಅಲ್ಲಿ ಆ ಮಾತು ನಡೆಯುವುದಿಲ್ಲ.

ಅಗ್ಗದ್ದು ನಂಬಬಹುದೇ?

ಈಗ ಡಾಕ್ಟರ ಪ್ರಶ್ನೆಗೆ ಬರೋಣ. ಹೆದರಿಕೆ ಸುಳ್ಳಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ, ಡ್ರಿಪ್ಪಿಗೆ ಹಾಕಿದ ದ್ರಾವಣದ ಗುಣಮಟ್ಟದ ಮೇಲೇ ಅನುಮಾನ ಬಂತು. ಸರಕಾರ ಕೊಂಡ ಮಾಲದು. ಹಾಗಂತ ದುಬಾರಿಯಾದದ್ದೆಲ್ಲ ಅಪ್ಪಟ ಚಿನ್ನವೇ? ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳು ತಿಂಗಳು ಹೊರಡಿಸುವ ಫೇಲಾದ ಬ್ಯಾಚುಗಳ ಪಟ್ಟಿಯಲ್ಲಿ ಹೆಸರುವಾಸಿ ಬ್ರ್ಯಾಂಡುಗಳೂ ಕಾಣಿಸಿಕೊಂಡಿವೆ. ಒಟ್ಟಿನಲ್ಲಿ ರೇಟು ನೋಡಿ ಗುಣ ಹೇಳಲಾಗದು. ಪರೀಕ್ಷೆ ಮಾಡುವ ಲ್ಯಾಬು, ಇನ್‌ಸ್ಪೆಕ್ಟರುಗಳು ಸಾಕಷ್ಟಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ಒಂದು ಎಚ್ಚರಿಕೆ: ಮೂರ್ಛೆರೋಗ, ಥೈರಾಯಿಡ್ ಮುಂತಾದ ಕೆಲವು ಕಾಯಿಲೆಗಳ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಬದಲಾಯಿಸಬೇಡಿ.

ಜನೌಷಧಿ ಶುರುವಾದದ್ದು 2008ರಲ್ಲಿ. ಅಲ್ಲಿ ರೆಪ್ ಇಲ್ಲ, ಜಾಹೀರಾತಿನ ಆರ್ಭಟ ಇಲ್ಲ, ಟೆಂಡರಿನಲ್ಲಿ ಒಟ್ಟಿಗೆ ಕೊಳ್ಳುತ್ತಾರೆ, ಅದಕ್ಕೇ ಅಗ್ಗ. ತೊಂದರೆ ಏನೆಂದರೆ ಕೇಳಿದ್ದು ಕೇಳಿದಾಗ ಇರುವುದಿಲ್ಲ. ‘ಮುಂದಿನ ವಾರ ಬನ್ನಿ’ ಅನ್ನುವ ಮಾತು ಮಾಮೂಲು. ಸರಕಾರಿ ಆಸ್ಪತ್ರೆಯ ಆವರಣದೊಳಗಿನ ಜನೌಷಧಿ ಕೇಂದ್ರಗಳನ್ನು ಮುಚ್ಚಿ, ಅಲ್ಲಿ ಔಷಧಿ ಹೇಗೂ ಪುಕ್ಕಟೆ ಕೊಡುತ್ತೇವಲ್ಲ ಅಂತ 2025ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ಆದೇಶ ಮಾಡಿತು. ಅದು ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಪುಕ್ಕಟೆ ಔಷಧಿ ಕೌಂಟರಿನಲ್ಲಿ ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಅನ್ನಿಸಿಕೊಂಡು ಬಂದವರಿಗೆ ಈ ಜಗಳದಲ್ಲಿ ಯಾರು ಗೆದ್ದರೂ ಒಂದೇ.

ತಾತ ಅವತ್ತು ಜನೌಷಧಿ ಮಾತ್ರೆ ತೆಗೆದುಕೊಂಡರೇ? ಇಲ್ಲ. ‘ಡಾಕ್ಟ್ರು ಬೈದುಬಿಟ್ರೆ?’ ಅಂದರು. ಹುಡುಗ ಕತ್ತರಿಸಿಕೊಟ್ಟಿದ್ದ ದುಬಾರಿ ಶೀಟನ್ನೇ ಜೇಬಿಗೆ ಹಾಕಿಕೊಂಡು, ಮಾತ್ರೆಗಳ ಮೂಲ ಹೆಸರು ಬರೆದ ನನ್ನ ಚೀಟಿಯನ್ನು ಮಡಿಸಿ ಟವೆಲಿನ ತುದಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದರು.

ಮೊನ್ನೆ ಅದೇ ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಸಿಕ್ಕರು. ಡಾಕ್ಟರಿಗೆ ಚೀಟಿ ತೋರಿಸಿದರಂತೆ. ಡಾಕ್ಟರು ಬೈಯಲಿಲ್ಲವಂತೆ. ‘ಇದೂ ಅದೇ ಔಷಧಿ ಕಣ್ರೀ, ದಿನಾ ತಗೊಳ್ಳಿ, ತಿಂಗಳು ಬಿಟ್ಟು ಬಿ.ಪಿ. ನೋಡೋಣ’ ಅಂದರಂತೆ. ಹೊಸ ಚೀಟಿಯಲ್ಲಿ ಏನು ಬರೆದಿದ್ದಾರೆ ಅಂತ ಇಸಿದುಕೊಂಡು ನೋಡಿದೆ. ಹಳೇ ಬ್ರ್ಯಾಂಡಿನ ಹೆಸರೇ ಇತ್ತು.

‘ಇರ್ಲಿ ಬಿಡಿ ಸ್ವಾಮಿ’ ಅಂದರು ತಾತ, ಜನೌಷಧಿಯ ಕವರು ತೋರಿಸುತ್ತಾ. ‘ಮೂವತ್ತು ದಿನದ್ದು ಐತೆ. ಗ್ಯಾಸ್ಟ್ರಿಕ್ಕಿಂದು ಮಾತ್ರ ಸಿಗ್ನಿಲ್ಲ, ಗುರುವಾರ ಬಾ ಅಂದವ್ರೆ.’